ಬಗ್ಗಿ ನೋಡಬೇಕಾದ ಸಮಾಧಿ

ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ವ್ರತದ ದಿನಗಳು, ಶುರುವಾದರೆ ಏನಾದರೂ ಒಂದು ಬಿಡಬೇಕು ಅನ್ನುವುದು ನಮ್ಮ ಮನೆಯಲ್ಲಿ ಅಜ್ಜಿ ಕಾಲದಿಂದ ಬಂದ ರೂಢಿ. ಅಜ್ಜಿ ಮಾಂಸ ಬಿಡುತ್ತಿದ್ದರು. ಅಪ್ಪ ಬೀಡಿ ಬಿಡುತ್ತಿದ್ದರು (ಈಸ್ಟರ್ ಬೆಳಿಗ್ಗೆ ಆರಾಧನೆ ಮುಗಿಸಿ ಗೇಟು ದಾಟುವ ಮೊದಲೇ ಹಚ್ಚುತ್ತಿದ್ದರು ಅನ್ನುವುದು ಬೇರೆ ಮಾತು). ನಾನು ಸುಮಾರು ವರ್ಷ ಕಾಫಿ ಬಿಟ್ಟೆ. ಈ ಸಲ ಬಿಡುವುದು ಸಾಕು, ಏನಾದರೂ ಮಾಡೋಣ ಅನ್ನಿಸಿತು. ಅಣ್ಣನ ಜೊತೆ ಮಾತು ಬಿಟ್ಟು ನಾಲ್ಕು ವರ್ಷ ಆಗಿದೆ. ಅಪ್ಪನ ಮನೆ ಪಾಲಾಗುವಾಗ ಆದ ಜಗಳ. ತಪ್ಪು ಯಾರದು ಅಂತ ನನ್ನನ್ನು ಕೇಳಿದರೆ ಅವನದೇ ಅಂತೀನಿ. ಆದರೂ ಈಸ್ಟರ್ ಒಳಗೆ ಅವನಿಗೆ ಒಂದು ಫೋನ್ ಮಾಡುತ್ತೇನೆ ಅಂತ ಹರಕೆ ಹೊತ್ತೆ. ಎರಡು ವಾರ ಕಳೆದರೂ ಫೋನ್ ಮಾಡಲಿಲ್ಲ. ದಿನಾ ರಾತ್ರಿ ಪ್ರಾರ್ಥನೆಯಲ್ಲಿ ಮಾತ್ರ ಅವನ ಹೆಸರು ಹೇಳುತ್ತಿದ್ದೆ, ಅದು ಸುಲಭ ಅಲ್ವಾ.

ಈ ಮಧ್ಯೆ ಮಗಳನ್ನು ನೋಡಲು ಕೇಪ್ ಟೌನ್‌ಗೆ ಬಂದೆ. ಅವಳು ಕೆಲಸದ ಮೇಲೆ ಇಲ್ಲಿದ್ದಾಳೆ. ಲೆಂಟ್‌ನ ಮೂರನೇ ಭಾನುವಾರ ಇಬ್ಬರೂ ಸೇಂಟ್ ಜಾರ್ಜ್ ಕೆಥೆಡ್ರಲ್‌ಗೆ ಹೊರಟೆವು. ನನಗೆ ಅಲ್ಲಿ ನೋಡಬೇಕಿದ್ದದ್ದು ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ವಿರುದ್ಧ ಹೋರಾಡಿದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಸಮಾಧಿ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತೆ ಬೇರೆ ಸಭೆಗಳು ಒಂದಾಗಿ ಆದ ಸಭೆ ನಮ್ಮದು, ಹಾಗಾಗಿ ಕೇಪ್ ಟೌನ್‌ನ ಆಂಗ್ಲಿಕನ್ ಆರ್ಚ್‌ಬಿಷಪ್ ಅಂದರೆ ನಮಗೆ ದೂರದ ನೆಂಟರಿದ್ದ ಹಾಗೆ.

ವೇಲ್ ಸ್ಟ್ರೀಟ್‌ನ ಮೂಲೆಯಲ್ಲಿ ಕಲ್ಲಿನ ಚರ್ಚು. ಹಿಂದೆ ಟೇಬಲ್ ಮೌಂಟನ್. ಹತ್ತು ಹೆಜ್ಜೆಗೆ ಕಂಪನಿ ಗಾರ್ಡನ್, ಅದರ ಪಕ್ಕದಲ್ಲೇ ಪಾರ್ಲಿಮೆಂಟ್. ಕಟ್ಟಡದ ನಕ್ಷೆ ಹರ್ಬರ್ಟ್ ಬೇಕರ್ ಅವರದು, ದೆಹಲಿಯಲ್ಲಿ ಸೆಕ್ರೆಟೇರಿಯಟ್ ಕಟ್ಟಿದರಲ್ಲ, ಅವರೇ. 1901ರಲ್ಲಿ ಇದಕ್ಕೆ ಅಡಿಗಲ್ಲು ಇಟ್ಟದ್ದು ಮುಂದೆ ಐದನೇ ಜಾರ್ಜ್ ಆದ ರಾಜಕುಮಾರ. ಅಂದರೆ ಎಲ್ಲ ರೀತಿಯಲ್ಲೂ ಸಾಮ್ರಾಜ್ಯದ ಚರ್ಚು. ಅದೇ ಚರ್ಚಿನ ಮೆಟ್ಟಿಲಿಂದ ವರ್ಣಭೇದದ ವಿರುದ್ಧದ ಮೆರವಣಿಗೆಗಳು ಹೊರಟವು. ಹೊರಗಡೆ ಟುಟು ನೆನಪಿಗೆ ಮರದ ಕಮಾನು ನಿಲ್ಲಿಸಿದ್ದಾರೆ, 14 ಬಾಗಿದ ತೊಲೆಗಳು. ಆ ದೇಶದ ಸಂವಿಧಾನದಲ್ಲಿ 14 ಅಧ್ಯಾಯ, ಅದಕ್ಕೆ.

ಒಳಗೆ ಧೂಪದ ವಾಸನೆ. ನಮ್ಮ ಸಭೆಯಲ್ಲಿ ಧೂಪ ಹಾಕುವುದಿಲ್ಲ, ನನಗೆ ಒಂದು ಕ್ಷಣ ಪಕ್ಕದ ಮನೆಯವರ ಪೂಜೆಗೆ ಬಂದ ಹಾಗೆ ಅನ್ನಿಸಿತು, ಖುಷಿಯೂ ಆಯಿತು. ಲೆಂಟ್ ಆದ್ದರಿಂದ ನೇರಳೆ ಬಟ್ಟೆ. ಟುಟು ಅವರ ನಿಲುವಂಗಿಯ ಬಣ್ಣವೂ ಅದೇ. ಸಮಾಧಿ ಎಲ್ಲಿ ಅಂತ ಕತ್ತು ಎತ್ತಿ ಹುಡುಕಿದೆ. ಅಷ್ಟು ದೊಡ್ಡ ಮನುಷ್ಯ, ಗೋಡೆಯಲ್ಲೋ ಕಂಬದ ಪಕ್ಕದಲ್ಲೋ ಅಮೃತಶಿಲೆ ಇರಬೇಕು ಅಂತ. ಇರಲಿಲ್ಲ. ಮುಖ್ಯ ಪೀಠದ ಮುಂದೆ ನೆಲದಲ್ಲಿದೆ. ಬಗ್ಗಿ ನೋಡಬೇಕು.

ಅವರು ತೀರಿಕೊಂಡದ್ದು 2021ರ ಡಿಸೆಂಬರ್ 26, ಕ್ರಿಸ್ಮಸ್ ಮಾರನೇ ದಿನ. 90 ವರ್ಷ. ನನ್ನ ಸಾವಿಗೆ ದುಂದುವೆಚ್ಚ ಬೇಡ, ಸಿಗುವುದರಲ್ಲಿ ಅಗ್ಗದ ಪೆಟ್ಟಿಗೆ ತನ್ನಿ ಅಂತ ಮೊದಲೇ ಹೇಳಿಟ್ಟಿದ್ದರು. ಸಾದಾ ಪೈನ್ ಮರದ ಪೆಟ್ಟಿಗೆ, ಹಿಡಿಯಲು ಹಗ್ಗ, ಮೇಲೆ ಮನೆಯವರ ಕಡೆಯಿಂದ ಒಂದು ಹಿಡಿ ಕಾರ್ನೇಷನ್ ಹೂ. ನನಗೆ ನಮ್ಮೂರಿನ ಚರ್ಚು ನೆನಪಾಯಿತು. ಒಂದು ಫ್ಯಾನು ಕೊಟ್ಟರೂ ರೆಕ್ಕೆ ಮೇಲೆ ಹೆಸರು ಬರೆಸುವವರು ನಾವು. ನಾನೂ ಅಪ್ಪನ ನೆನಪಿಗೆ ಒಂದು ಬೆಂಚು ಕೊಟ್ಟು ಹಿತ್ತಾಳೆ ಫಲಕ ಹೊಡೆಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಟುಟು ಹುಟ್ಟಿದ್ದು 1931ರಲ್ಲಿ, ಕ್ಲರ್ಕ್ಸ್‌ಡಾರ್ಪ್ ಅನ್ನುವ ಊರಲ್ಲಿ. ಅಪ್ಪ ಮೇಷ್ಟ್ರು. ಅಮ್ಮ ಬೇರೆಯವರಿಗೆ ಅಡುಗೆ ಮಾಡಿ, ಬಟ್ಟೆ ಒಗೆದು ದುಡಿದವರು. ಮಗು ಉಳಿಯುತ್ತದೋ ಇಲ್ಲವೋ ಅನ್ನುವ ಹಾಗಿದ್ದಾಗ ಅಜ್ಜಿ ಇಟ್ಟ ಹೆಸರು ಎಂಪಿಲೊ. ಜೀವ ಅಂತ ಅರ್ಥ. ಹುಡುಗನಾಗಿದ್ದಾಗ ಒಂದು ದಿನ ಅಮ್ಮನ ಜೊತೆ ನಿಂತಿದ್ದರಂತೆ. ಉದ್ದ ನಿಲುವಂಗಿ, ದೊಡ್ಡ ಟೋಪಿ ಹಾಕಿದ ಬಿಳಿಯ ಪಾದ್ರಿ ಒಬ್ಬರು ಆ ದಾರಿಯಲ್ಲಿ ಬಂದರು. ಅಮ್ಮನನ್ನು ನೋಡಿ ಟೋಪಿ ತೆಗೆದರು. ಅಷ್ಟೇ ಕಥೆ. ಕರಿಯ ಕೆಲಸದ ಹೆಂಗಸಿಗೆ ಬಿಳಿಯನೊಬ್ಬ ಟೋಪಿ ತೆಗೆದು ಗೌರವ ಕೊಡುವುದನ್ನು ಆ ಹುಡುಗ ಅದುವರೆಗೆ ಕಂಡಿರಲಿಲ್ಲ. ಆ ಪಾದ್ರಿ ಟ್ರೆವರ್ ಹಡಲ್‌ಸ್ಟನ್ ಅಂತ ಆಮೇಲೆ ಗೊತ್ತಾಯಿತು. ಮುಂದೆ ಕ್ಷಯ ಬಂದು ಹುಡುಗ ಸುಮಾರು 20 ತಿಂಗಳು ಆಸ್ಪತ್ರೆಯಲ್ಲಿ ಮಲಗಿದಾಗ ಅದೇ ಹಡಲ್‌ಸ್ಟನ್ ವಾರ ವಾರ ಪುಸ್ತಕ ಹಿಡಿದು ನೋಡಲು ಬರುತ್ತಿದ್ದರು. ಟುಟು ತಮ್ಮ ಮಗನಿಗೆ ಟ್ರೆವರ್ ಅಂತಲೇ ಹೆಸರಿಟ್ಟರು.

ಮೊದಲು ಅವರೂ ಅಪ್ಪನ ಹಾಗೆ ಮೇಷ್ಟ್ರಾದರು. ಕರಿಯ ಮಕ್ಕಳಿಗೆ ಕೆಳದರ್ಜೆಯ ಪಾಠ ಸಾಕು ಅನ್ನುವ ಕಾನೂನು ಬಂದಾಗ, ಅದನ್ನು ಕಲಿಸಲಾರೆ ಅಂತ ಕೆಲಸ ಬಿಟ್ಟರು. 1961ರಲ್ಲಿ ಪಾದ್ರಿಯಾದರು. ಲಂಡನ್‌ಗೆ ಓದಲು ಹೋದಾಗ ಗಂಡ ಹೆಂಡತಿ ಇಬ್ಬರೂ ಗೊತ್ತಿರುವ ದಾರಿಯನ್ನೇ ಪೊಲೀಸಿನವನ ಹತ್ತಿರ ಕೇಳುತ್ತಿದ್ದರಂತೆ, ಸುಮ್ನೆ, ಅವನು ಸರ್ ಅಂತ, ಮೇಡಮ್ ಅಂತ ಮಾತಾಡಿಸುವುದನ್ನು ಕೇಳುವುದಕ್ಕೆ. ಇದನ್ನು ಓದಿ ಮೊದಲು ನಗು ಬಂತು, ಆಮೇಲೆ ನಗು ನಿಂತುಹೋಯಿತು. ನಮ್ಮ ಊರುಗಳಲ್ಲೂ ಯಾರನ್ನು ಬನ್ನಿ ಅಂತೀವಿ, ಯಾರನ್ನು ಬಾರೋ ಅಂತೀವಿ ಅನ್ನುವುದು ಹುಟ್ಟಿನಿಂದಲೇ ತೀರ್ಮಾನ ಆಗಿರುತ್ತದೆ ಅಲ್ವಾ.

ಆಮೇಲಿನದು ಪೇಪರಿನಲ್ಲಿ ಬಂದದ್ದೇ. 1976ರ ಮೇ ತಿಂಗಳಲ್ಲಿ ಪ್ರಧಾನಿ ಫಾರ್ಸ್ಟರ್‌ಗೆ ಪತ್ರ ಬರೆದು, ಹೀಗೇ ಹೋದರೆ ರಕ್ತ ಹರಿಯುತ್ತದೆ ಅಂದರು, ಮುಂದಿನ ತಿಂಗಳೇ ಸೊವೆಟೊದಲ್ಲಿ ಮಕ್ಕಳ ಮೇಲೆ ಗುಂಡು ಹಾರಿತು. 1984ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ. 1986ರಲ್ಲಿ ಕೇಪ್ ಟೌನ್‌ನ ಆರ್ಚ್‌ಬಿಷಪ್, ಆ ಪೀಠಕ್ಕೆ ಬಂದ ಮೊದಲ ಕರಿಯ. ಆರ್ಚ್‌ಬಿಷಪ್ ಮನೆ ಇದ್ದದ್ದು ಬಿಳಿಯರಿಗೆ ಮೀಸಲಾದ ಬಡಾವಣೆಯಲ್ಲಿ. ಅನುಮತಿ ಕೇಳದೆ ಹೋಗಿ ಇದ್ದರು. 1990ರಲ್ಲಿ ಜೈಲಿಂದ ಬಿಡುಗಡೆಯಾದ ಮಂಡೇಲಾ ಮೊದಲ ರಾತ್ರಿ ಮಲಗಿದ್ದು ಅದೇ ಮನೆಯಲ್ಲಿ.

ಇವಕ್ಕಿಂತ ಜಾಸ್ತಿ ನನ್ನನ್ನು ಹಿಡಿದು ನಿಲ್ಲಿಸುವುದು 1985ರ ಜುಲೈನಲ್ಲಿ ಡುಡುಜಾ ಅನ್ನುವ ಕಡೆ ನಡೆದದ್ದು. ಸತ್ತ ಹುಡುಗರ ಮಣ್ಣು ಮುಗಿಸಿ ಜನ ಕೆರಳಿದ್ದರು. ಪೊಲೀಸರ ಮಾಹಿತಿದಾರ ಅಂತ ಒಬ್ಬನನ್ನು ಹಿಡಿದರು. ಅವನ ಕಾರು ಉರುಳಿಸಿ ಬೆಂಕಿ ಹಚ್ಚಿದರು. ಅವನನ್ನೂ ಅದರೊಳಗೆ ಎಸೆಯುವುದೇ ಬಾಕಿ. ಟುಟು ಆ ಗುಂಪಿನೊಳಗೆ ನುಗ್ಗಿದರು, ಇನ್ನೊಬ್ಬ ಬಿಷಪ್ ಸಿಮಿಯನ್ ಎನ್ಕೊಆನೆ ಜೊತೆ ಸೇರಿ ಅವನನ್ನು ಎಳೆದು ಉಳಿಸಿದರು. ಗುಂಪು ಅವರದೇ ಜನ, ಸಿಟ್ಟು ನ್ಯಾಯದ್ದೇ. ಇನ್ನೂ ಕೆಲವು ದಿನಕ್ಕೆ ಅದೇ ಊರಲ್ಲಿ ಒಬ್ಬ ಯುವತಿಯನ್ನು ಇದೇ ಅನುಮಾನದ ಮೇಲೆ ಕೊಂದರು, ಆಗ ಉಳಿಸಲು ಅವರಿರಲಿಲ್ಲ. ಇಂಥದ್ದು ನಿಲ್ಲದಿದ್ದರೆ ಮನೆಮಂದಿ ಕಟ್ಟಿಕೊಂಡು ಈ ದೇಶ ಬಿಟ್ಟು ಹೋಗುತ್ತೇನೆ ಅಂತ ಮುಂದಿನ ಸಭೆಯಲ್ಲಿ ಬೈದರು. ಶತ್ರುವಿನ ಮುಂದೆ ಧೈರ್ಯ ತೋರಿಸುವವರು ಸಿಗುತ್ತಾರೆ. ನಮ್ಮವರ ಎದುರು ನಿಂತು, ಇವನೂ ದೇವರ ಮಗುವೇ ಅನ್ನುವುದಿದೆಯಲ್ಲ, ಅದಕ್ಕೆ ಎಷ್ಟು ಪ್ರಾರ್ಥನೆ ಬೇಕೋ.

ಪ್ರಾರ್ಥನೆ ಅಂದೆ. ಅವರು ನಸುಕಿಗೇ ಎದ್ದು ಮೌನವಾಗಿ ಕೂರುತ್ತಿದ್ದರು. ದಿನಾ ಕರ್ತನ ಭೋಜನದ ಆರಾಧನೆ ತಪ್ಪಿಸುತ್ತಿರಲಿಲ್ಲ, ಪ್ರಯಾಣದಲ್ಲಿದ್ದರೂ. ನಾವೆಲ್ಲ ಅವರನ್ನು ಮೈಕಿನ ಮುಂದೆ ಕುಣಿಯುವ, ಕಿಲಕಿಲ ನಗುವ ಮುದುಕ ಅಂತ ನೋಡಿದೆವು. ಆ ನಗುವಿನ ಬೇರು ಈ ಮೌನದಲ್ಲಿತ್ತು ಅಂತ ನನ್ನ ನಂಬಿಕೆ. ಇದೇ ಕೆಥೆಡ್ರಲ್‌ನಲ್ಲಿ ಒಂದು ಸಲ ಪ್ರಸಂಗ ಮಾಡುವಾಗ ಪೊಲೀಸರು ಒಳಗೇ ಬಂದು ಗೋಡೆಗುಂಟ ನಿಂತಿದ್ದರಂತೆ. ನೀವು ಸೋತಾಗಿದೆ, ಬನ್ನಿ, ಗೆಲ್ಲುವ ಕಡೆ ಸೇರಿಕೊಳ್ಳಿ ಅಂತ ನಗುತ್ತಾ ಕರೆದರಂತೆ. ನಾನು ಆ ಗೋಡೆ ಮುಟ್ಟಿ ನೋಡಿದೆ. ತಣ್ಣಗಿತ್ತು. 1989ರ ಸೆಪ್ಟೆಂಬರ್ 13ರಂದು ಇಲ್ಲಿಂದ ಹೊರಟ ಮೆರವಣಿಗೆಯಲ್ಲಿ 30,000 ಜನ ಇದ್ದರು.

ಬಿಳಿಯರ ಆಳ್ವಿಕೆ ಮುಗಿದು ಸ್ವಾತಂತ್ರ್ಯ ಬಂದ ಮೇಲೆ, ಆ ಕಾಲದ ಹಿಂಸೆಯ ಸತ್ಯ ಹೊರತರಲು ಸತ್ಯ ಮತ್ತು ಸಮನ್ವಯ ಆಯೋಗ. 1996ರ ಏಪ್ರಿಲ್‌ನಲ್ಲಿ ಈಸ್ಟ್ ಲಂಡನ್ ಊರಿನಲ್ಲಿ ಮೊದಲ ವಿಚಾರಣೆ. ಗಾಲಿಕುರ್ಚಿಯಲ್ಲಿ ಬಂದ ಹಿರಿಯ ಹೋರಾಟಗಾರರೊಬ್ಬರು ತಮಗಾದ ಹಿಂಸೆ ಹೇಳಲು ಹೋಗಿ ಕೈಯಿಂದ ಮುಖ ಮುಚ್ಚಿಕೊಂಡರು. ಅಧ್ಯಕ್ಷರ ಕುರ್ಚಿಯಲ್ಲಿದ್ದ ಟುಟು ಮೇಜಿನ ಮೇಲೆ ತಲೆ ಇಟ್ಟು ಅತ್ತರು. ಆಮೇಲೆ ಅದಕ್ಕೆ ಬೇಸರ ಮಾಡಿಕೊಂಡರು, ಕ್ಯಾಮೆರಾ ನೊಂದವರನ್ನು ಬಿಟ್ಟು ನನ್ನ ಕಡೆ ತಿರುಗಿತು ಅಂತ.

ಆ ಆಯೋಗ ಎಲ್ಲರಿಗೂ ಹಿಡಿಸಿತು ಅಂದುಕೊಳ್ಳಬೇಡಿ. ಮಾಡಿದ್ದನ್ನು ಪೂರ್ತಿ ಒಪ್ಪಿಕೊಂಡರೆ, ಅದು ರಾಜಕೀಯ ಕಾರಣಕ್ಕೆ ಮಾಡಿದ್ದಾದರೆ ಕ್ಷಮಾದಾನ. ಪಶ್ಚಾತ್ತಾಪ ಪಡಲೇಬೇಕು ಅಂತ ಕಾನೂನಿನಲ್ಲಿ ಇರಲಿಲ್ಲ. ಪೊಲೀಸರ ವಶದಲ್ಲಿ ಸತ್ತ ಹೋರಾಟಗಾರ ಸ್ಟೀವ್ ಬಿಕೊ ಅವರ ಮನೆಯವರು, ನಮಗೆ ಬೇಕಿರುವುದು ನ್ಯಾಯ ಅಂತ ಕೋರ್ಟಿಗೇ ಹೋದರು, ಸೋತರು. 7,000ಕ್ಕೂ ಜಾಸ್ತಿ ಅರ್ಜಿ ಬಂದವು, ಹೆಚ್ಚಿನವು ತಿರಸ್ಕಾರ ಆದವು, ಬಿಕೊ ಕೇಸಿನ ಪೊಲೀಸರದೂ ಸೇರಿ. ನೊಂದವರಿಗೆ ಕೊನೆಗೆ ಸರ್ಕಾರ ಕೊಟ್ಟದ್ದು ತಲಾ 30,000 ರಾಂಡ್, ಅದೂ 2003ರಲ್ಲಿ. ಸಾಲದು ಅಂತ ಟುಟು ತಮ್ಮದೇ ಜನರ ಸರ್ಕಾರವನ್ನು ಬಿಡದೆ ತರಾಟೆಗೆ ತೆಗೆದುಕೊಂಡರು. 2011ರಲ್ಲಿ ತಮ್ಮ 80ನೇ ಹುಟ್ಟುಹಬ್ಬಕ್ಕೆ ಕರೆದ ದಲೈ ಲಾಮಾಗೆ ವೀಸಾ ಸಿಗದೇ ಹೋದಾಗಲೂ ಅಷ್ಟೇ, ನೀವು ಬೀಳಲಿ ಅಂತ ಪ್ರಾರ್ಥಿಸುವ ದಿನ ಬಂದೀತು ಅಂದರು. ಸಲಿಂಗಿಗಳನ್ನು ದ್ವೇಷಿಸುವ ದೇವರನ್ನು ನಾನು ಆರಾಧಿಸಲಾರೆ ಅಂದಾಗ ನಮ್ಮ ಸಭೆಗಳಲ್ಲೂ ಸುಮಾರು ಜನ ಮುಖ ಸಿಂಡರಿಸಿದರು. ನಾನೂ ಆಗ ಸುಮ್ಮನೇ ಇದ್ದೆ.

ಕ್ಷಮೆ ಬಗ್ಗೆ ಅವರು ಹೇಳುತ್ತಿದ್ದ ಒಂದು ಮಾತಿದೆ. ನನ್ನ ಪೆನ್ನು ತೆಗೆದುಕೊಂಡು, ಆಮೇಲೆ ಬಂದು ತಪ್ಪಾಯಿತು ಅಂತೀಯ. ಸರಿ. ಪೆನ್ನು ಎಲ್ಲಿ? ಅದನ್ನು ಕೊಡದಿದ್ದರೆ ಏನೂ ಆಗಲೇ ಇಲ್ಲ. ಈ ಮಾತು ನನಗೆ ಯಾವತ್ತೂ ಇಷ್ಟ, ಯಾಕೆಂದರೆ ಅಣ್ಣನಿಗೆ ಹೇಳಲು ಚೆನ್ನಾಗಿದೆ. ಆ ನೆಲದ ಮುಂದೆ ಮಂಡಿಯೂರಿದ್ದಾಗ ಮಾತು ನನ್ನ ಕಡೆಗೇ ತಿರುಗಿತು. ಪಾಲಿನ ದಿನ ಅಣ್ಣ ದುಡ್ಡು, ಪಾತ್ರೆ ಏನೂ ಕೇಳದೆ ಒಂದೇ ಒಂದು ಕೇಳಿದ್ದ. ಅಜ್ಜನ ಕಾಲದ ದೊಡ್ಡ ಸತ್ಯವೇದ. ಮೊದಲ ಪುಟದಲ್ಲಿ ಮೂರು ತಲೆಮಾರಿನ ಹುಟ್ಟು, ದೀಕ್ಷಾಸ್ನಾನ, ಸಾವು ಎಲ್ಲ ಬರೆದಿದೆ. ಹಿರಿಯ ಮಗನ ಹತ್ತಿರ ಇರಬೇಕಾದ್ದು. ನಾನು ಕೊಡಲಿಲ್ಲ. ಮನೆ ವಿಷಯದಲ್ಲಿ ತಪ್ಪು ಅವನದು ಅಂತ ಈಗಲೂ ಅಂತೀನಿ, ಆದರೆ ಪೆನ್ನು ನನ್ನ ಬೀರುವಿನಲ್ಲಿದೆ.

ಪ್ರತಿ ಮನುಷ್ಯನಲ್ಲೂ ದೇವರ ರೂಪ ಇದೆ ಅಂತ ನಾವು ನಿಜವಾಗಿ ನಂಬಿದ್ದರೆ ಎದುರು ಸಿಕ್ಕವರಿಗೆಲ್ಲ ಮೊಣಕಾಲು ಬಗ್ಗಿಸಬೇಕಿತ್ತು, ಬೌದ್ಧರು ಬಾಗುತ್ತಾರಲ್ಲ ಹಾಗೆ, ಅಂತ ಟುಟು ಹೇಳುತ್ತಿದ್ದರು. ನಾವು ಕೈ ಮುಗಿಯುವವರು. ದಿನಕ್ಕೆ ಹತ್ತು ಸಲ ಮುಗಿಯುತ್ತೇವೆ, ಯಾರಿಗೆ ಅಂತ ನೋಡುವುದೇ ಇಲ್ಲ.

ಆರಾಧನೆಯಲ್ಲಿ ಸಮಾಧಾನ ಹಂಚುವ ಹೊತ್ತು ಬಂತು. ಈ ಪದ್ಧತಿಯನ್ನು 1950ರ ನಮ್ಮ ಸಿಎಸ್‌ಐ ಆರಾಧನಾ ಕ್ರಮ ಮತ್ತೆ ಬಳಕೆಗೆ ತಂದಿತು, ನಮ್ಮನ್ನು ನೋಡಿ ಬೇರೆ ಸಭೆಗಳೂ ಕಲಿತವು, ಅದೊಂದು ಹೆಮ್ಮೆ ನನಗೆ. ನಮ್ಮಲ್ಲಿ ಮುಗಿದ ಕೈಯನ್ನು ಇನ್ನೊಬ್ಬರ ಎರಡು ಕೈ ನಡುವೆ ಇಡುತ್ತೇವೆ. ಅಭ್ಯಾಸದ ಮೇಲೆ ಹಾಗೇ ಕೈ ಚಾಚಿದೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ಕೈಕುಲುಕಲು ಬಂದವರು ಒಂದು ಕ್ಷಣ ತಡೆದು, ಆಮೇಲೆ ನನ್ನ ಕೈಗಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ತಲೆ ಬಾಗಿಸಿದರು. ದುಡಿದ ಒರಟು ಕೈ. ನಾನೂ ಬಾಗಿದೆ. ಮಗಳು ಆಮೇಲೆ, ಯಾಕಪ್ಪ ಕಣ್ಣು ಕೆಂಪಾಗಿದೆ ಅಂದಳು. ಧೂಪ ಅಂದೆ.

ನಾಳೆ ರಾತ್ರಿ ವಿಮಾನ. ಫೋನ್ ಮಾಡುವ ಹರಕೆ ಹಾಗೇ ಇದೆ, ಆದರೆ ಬರೀ ಫೋನ್ ಮಾಡಿದರೆ ಆಗುವುದಿಲ್ಲ ಅನ್ನಿಸಿದೆ. ಸತ್ಯವೇದ ದಪ್ಪ, ಹೊಲಿಗೆ ಬಿಟ್ಟಿದೆ, ಕೊರಿಯರ್‌ಗೆ ಕೊಡುವಂಥದ್ದಲ್ಲ. ಬಟ್ಟೆಯಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡೇ ಹೋಗಬೇಕು. ಅಣ್ಣನ ಊರಿಗೆ ಹಾಸನದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು.