ಬಾಖ್ ಆದಮೇಲೆ ರಾಕ್ ಯಾಕೆ?

ಕಾರ್ಯಕ್ರಮ ಮುಗಿಸಿ ಕಮಾನಿನ ಕೂದಲು ಸಡಿಲಿಸುವಷ್ಟರಲ್ಲಿ ಯಾರಾದರೊಬ್ಬರು ಬಂದೇ ಬರುತ್ತಾರೆ. "ಬಾಖ್ ಇಷ್ಟು ಚೆನ್ನಾಗಿ ನುಡಿಸ್ತೀರಿ, ಮತ್ತೆ ಆ ರಾಕ್ ಹಾಡು ಯಾಕೆ ಬೇಕಿತ್ತು? ಜನರನ್ನ ಮೆಚ್ಚಿಸೋಕಾ?" ನಾಲ್ಕೇ ಚೆಲ್ಲೋಗಳ (ಕಾಲ ನಡುವೆ ಇಟ್ಟು ಕಮಾನಿನಿಂದ ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ) ನಮ್ಮ ಗುಂಪಿಗೆ ಇದು ಕೇಳಿ ಕೇಳಿ ಸವೆದ ಪ್ರಶ್ನೆ. ಶಾಸ್ತ್ರೀಯ ಕಷ್ಟ, ಜನಪ್ರಿಯ ಸುಲಭ ಎಂಬ ನಂಬಿಕೆ ಅದರೊಳಗೆ ಕೂತಿದೆ. ನನ್ನ ಅನುಭವ ಉಲ್ಟಾ.

ಜರ್ಮನಿಯ ಹಳೆಯ ಶಾಸ್ತ್ರೀಯ ಸಂಗೀತಕಾರ ಬಾಖ್ ಒಂಟಿ ಚೆಲ್ಲೋಗೆಂದೇ 6 ಸ್ವೀಟ್‌ಗಳನ್ನು (suite, ಅಂದರೆ ಒಂದರ ಹಿಂದೊಂದು ನುಡಿಸುವ ತುಣುಕುಗಳ ಮಾಲೆ) ಬರೆದ. ಕಷ್ಟವೇ, ಆದರೆ ಈ ವಾದ್ಯದ ಮೈ ತಿಳಿದು ಕಟ್ಟಿದ್ದು. ಸಾಧನೆ ಮಾಡಿದರೆ ಬೆರಳಿಗೆ ದಾರಿ ಸಿಗುತ್ತದೆ. ಹಾಡು ಹಾಗಲ್ಲ, ಅದು ಗಂಟಲಿಗೆ ಹುಟ್ಟಿದ್ದು. ಮಾತು ಕಿತ್ತುಹಾಕಿದರೆ ಎಷ್ಟೋ ಸಲ ಉಳಿಯುವುದು ಒಂದೇ ಸ್ವರ, ಎಂಟು ಸಲ. ಹಾಡುವಾಗ ಅದು ಯಾರ ಗಮನಕ್ಕೂ ಬರುವುದಿಲ್ಲ, ಪ್ರತಿ ಸಲವೂ ಅಕ್ಷರ ಬೇರೆ. ಅದನ್ನೇ ಕಮಾನಿನಲ್ಲಿ ಎಳೆದು ನೋಡಿ, ಹಲ್ಲುನೋವಿನವರು ನರಳಿದ ಹಾಗಿರುತ್ತದೆ.

ಅದಕ್ಕೇ ನಾವು ಸ್ವರಲಿಪಿಯ ಮೇಲೆ ಪೆನ್ಸಿಲ್ಲಿನಲ್ಲಿ ಸಾಹಿತ್ಯ ಬರೆದುಕೊಳ್ಳುತ್ತೇವೆ. 'ಟ' ಬಂದಲ್ಲಿ ತಂತಿಯನ್ನು ಕಮಾನಿನಿಂದ ಒತ್ತಿ ಹಿಡಿದು ಫಟ್ಟನೆ ಬಿಡಬೇಕು. 'ಮ' ಬಂದಲ್ಲಿ ಕಮಾನು ಸದ್ದಿಲ್ಲದೆ ಇಳಿಯಬೇಕು. 'ಸ'ಕ್ಕೆ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಹತ್ತಿರ ಸರಿದರೆ ಒಂದಿಷ್ಟು ಸುಯ್ಯೆನ್ನುವ ಗಾಳಿ ಸಿಗುತ್ತದೆ. ಎರಡು ಸಾಲಿಗೆ ಒಂದಿಡೀ ಸಂಜೆ ಹೋದದ್ದಿದೆ. ಬಾಖ್‌ಗೆ ಈ ಫಜೀತಿ ಇಲ್ಲ.

ರಾಕ್ ಮಾತ್ರ ಈ ವಾದ್ಯಕ್ಕೆ ಹೊರಗಿನದೇನಲ್ಲ. ಚೆಲ್ಲೋದ ಅಕ್ಕಪಕ್ಕದ ತಂತಿಗಳ ನಡುವೆ ಇರುವುದು ಸ-ಪ ಅಂತರ. ಹೆವಿ ಮೆಟಲ್ ಎಂಬ ಅಬ್ಬರದ ರಾಕ್‌ನಲ್ಲಿ ಗಿಟಾರ್ ಒಟ್ಟಿಗೆ ಬಾರಿಸುವ ಸ್ವರಜೋಡಿ, ಪವರ್ ಕಾರ್ಡ್, ಅಂದರೂ ಅದೇ ಸ-ಪ. ಒಂದು ಬೆರಳನ್ನು ಎರಡು ತಂತಿಯ ಮೇಲೆ ಅಡ್ಡ ಇಟ್ಟರೆ ಮುಗಿಯಿತು! 1993ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ಸಂಗೀತ ಶಾಲೆ ಸಿಬೆಲಿಯಸ್ ಅಕಾಡೆಮಿಯ ನಾಲ್ವರು ವಿದ್ಯಾರ್ಥಿಗಳು ಅಪೋಕ್ಯಾಲಿಪ್ಟಿಕಾ ಎಂಬ ತಂಡ ಕಟ್ಟಿ ಹೆವಿ ಮೆಟಲ್ ತಂಡ ಮೆಟಾಲಿಕಾದ ಹಾಡುಗಳನ್ನು ಚೆಲ್ಲೋದಲ್ಲಿ ನುಡಿಸಿದರು. ಕೈಗೆ ಅದು ಹೇಗೆ ಒಗ್ಗಿತೆಂದು ನನಗೇನೂ ಆಶ್ಚರ್ಯವಿಲ್ಲ. ಬರ್ಲಿನ್ ಫಿಲ್‌ಹಾರ್ಮೋನಿಕ್ ಎಂಬ ಶಾಸ್ತ್ರೀಯ ವಾದ್ಯವೃಂದದ 12 ಚೆಲ್ಲೋವಾದಕರಂತೂ 1972ರಿಂದ ಜೊತೆಯಾಗಿ ನುಡಿಸುತ್ತಿದ್ದಾರೆ. ಜರ್ಮನ್ ಚೆಲ್ಲೋವಾದಕ ಕ್ಲೆಂಗೆಲ್ 1920ರಲ್ಲಿ 12 ಚೆಲ್ಲೋಗಳಿಗೆ ಬರೆದ ಕೃತಿಯಿಂದ ಶುರುಮಾಡಿದವರು ಬೀಟಲ್ಸ್‌ವರೆಗೂ ಬಂದರು. ಅವರನ್ನು ಯಾರೂ "ಯಾಕೆ" ಅಂತ ಕೇಳಿರಲಿಕ್ಕಿಲ್ಲ, ಬಿಡಿ.

ನಿಜವಾದ ಅಪಾಯ ಬೇರೆ ಕಡೆ ಇದೆ. ಚೆಲ್ಲೋದ ಅತಿ ತಗ್ಗು ದನಿಯ ತಂತಿ ಸುಮಾರು 65 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಮೇಲಕ್ಕೆ ಹೋದರೆ ಹೆಣ್ಣುದನಿಯ ತಾರಸ್ಥಾಯಿಯವರೆಗೂ ಸಿಗುತ್ತದೆ. ಅದಕ್ಕೇ ಈ ವಾದ್ಯವೊಂದೇ ಸಾಕು. ಆದರೆ ಮೂವರೂ ಒಟ್ಟಿಗೆ ಕೆಳಗಿಳಿದರೆ ಬರೀ ಕೆಸರು. ಒಬ್ಬರು ತಳದಲ್ಲಿ, ಒಬ್ಬರು ಮೀಟುತ್ತ, ಒಬ್ಬರು ಕಮಾನಿನ ಬುಡದಿಂದ ತಂತಿ ಕಚ್ಚಿ 'ಚಕ್ ಚಕ್' ಎಂದು ಡ್ರಮ್ಮಿನ ಕೆಲಸ ಮಾಡುತ್ತ ಜಾಗ ಬಿಟ್ಟುಕೊಟ್ಟರೆ ಮಾತ್ರ ನಾಲ್ಕನೆಯವರ ಹಾಡು ಕೇಳುತ್ತದೆ. ಒಮ್ಮೆ ಮೈಕು ಜಾಸ್ತಿಯಾಗಿ ಚೆಲ್ಲೋದ ಹೊಟ್ಟೆಯೇ ಊಳಿಟ್ಟಿತು. ಆವತ್ತಿನ ಕೆಸರಿನಲ್ಲಿ ಬಾಖ್ ಕೂಡ ಮುಳುಗಿದ.

ಈಗ ನಾವು ಬಾಖ್‌ಗೂ ರಾಕ್‌ಗೂ ನಡುವೆ ಚಪ್ಪಾಳೆಗೆ ಜಾಗ ಇಡುವುದಿಲ್ಲ. ಮೊದಲ ಸ್ವೀಟ್‌ನ ಪ್ರಿಲ್ಯೂಡ್, ಅಂದರೆ ಆರಂಭದ ತುಣುಕು, ಜಿ ಮೇಜರ್‌ನಲ್ಲಿ ಮುಗಿಯುತ್ತದಲ್ಲ, ಅದರ ಕೊನೆಯ ಜಿ ಸ್ವರವನ್ನು ಮೂರನೆಯವರು ಎತ್ತಿಕೊಂಡು ಹಿಡಿದೇ ಇರುತ್ತಾರೆ. ಮುಂದಿನ ಸಾಲಿನಲ್ಲಿ ತಟ್ಟಲೆಂದು ಎತ್ತಿದ ಕೈಗಳು ಅರ್ಧಕ್ಕೆ ನಿಲ್ಲುತ್ತವೆ. ಆಗ ನಾನು 'ಚಕ್' ಎನ್ನಿಸುತ್ತೇನೆ.