ಮೊಮ್ಮಕ್ಕಳ ಕೋಣೆಗೆ ಎರಡು ಗೂಟ

ಇವತ್ತು ಮೊಮ್ಮಕ್ಕಳ ಕೋಣೆಯ ಗೋಡೆಗೆ ಎರಡು ಗೂಟ ಕೂತವು. ಬಣ್ಣದ ಪರದೆ, ಗೊಂಬೆ ಚಿತ್ರದ ಹಾಸಿಗೆ ಬಟ್ಟೆ ಎಲ್ಲ ಚೆಂದವೇ. ಆದರೆ "ಇದು ನನ್ನ ಜಾಗ" ಅಂತ ಮಗುವಿಗೆ ಅನಿಸೋದು ತನ್ನ ಚೀಲ ತಾನೇ ನೇತುಹಾಕಿದಾಗ.

ಎತ್ತರವೇ ಮುಖ್ಯ. ಐದು ವರ್ಷದ ಮಗು ಹೆಚ್ಚುಕಮ್ಮಿ 110 ಸೆಂ.ಮೀ. ಇರುತ್ತೆ. ಗೂಟ 120ರಲ್ಲಿ ಇದ್ದರೆ ತಲೆಗೆ ತಾಗಲ್ಲ, ಕೈ ಚಾಚಿದರೆ ಸಿಗುತ್ತೆ. ಎಂಟು ವರ್ಷದವರಿಗೆ 140.
ಆದರೆ ಚಿಕ್ಕವರ ಗೂಟ ಎಂಟು ವರ್ಷದವರ ಕಣ್ಣಿನ ಮಟ್ಟಕ್ಕೇ ಬರುತ್ತೆ! ಹಾಗಾಗಿ ಚೂಪು ಕಬ್ಬಿಣದ ಕೊಕ್ಕೆ ಬೇಡವೇ ಬೇಡ. ದುಂಡು ತಲೆಯ ಮರದ ಗೂಟ ಇರಲಿ, ಅದೂ ಓಡಾಡುವ ದಾರಿ ಬಿಟ್ಟು ಮೂಲೆಯಲ್ಲಿ.

ಮಕ್ಕಳು ಚೀಲ ಹಾಕಿ ಸುಮ್ಮನಿರಲ್ಲ, ಜೋತೂ ಬೀಳ್ತಾರೆ. ಬರೀ ಗಾರೆಯಲ್ಲಿ ಕೂತ ಪ್ಲಗ್ (ಸ್ಕ್ರೂ ಹಿಡಿಯೋಕೆ ತೂತಿಗೆ ಹೊಡೆಯೋ ಪ್ಲಾಸ್ಟಿಕ್ ತುಂಡು) ಪುಡಿ ಸಮೇತ ಕಿತ್ತು ಬರುತ್ತೆ. ಪ್ಲಗ್ ಗಾರೆ ದಾಟಿ ಇಟ್ಟಿಗೆಗೆ ಹೋಗಬೇಕು. ತೂತಿನ ಪುಡಿ ಊದಿ ತೆಗೆದ ಮೇಲೆಯೇ ಪ್ಲಗ್ ಹೊಡೀಬೇಕು, ಇಲ್ಲದಿದ್ದರೆ ಅರ್ಧಕ್ಕೇ ನಿಲ್ಲುತ್ತೆ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಡ್ರಿಲ್ ಇಡಬೇಡಿ, ಒಳಗೆ ವೈರ್ ಇರುತ್ತೆ.

ರಾತ್ರಿ ದೀಪ ಮಂಚಕ್ಕಿಂತ ಕೆಳಗೆ, ಬಚ್ಚಲಮನೆ ಕಡೆಗೆ. ಹಳದಿ ಬೆಳಕು ಸಾಕು, ನೀಲಿ-ಬಿಳಿ ನಿದ್ದೆ ಕೆಡಿಸುತ್ತೆ.

ಬಟ್ಟೆ ಬೀರುವನ್ನ ಗೋಡೆಗೆ ಬಿಗಿಯೋದು ಮಾತ್ರ ಮರೀಬೇಡಿ. ಡ್ರಾಯರ್ ಎಳೆದು ಮೆಟ್ಟಿಲಿನ ಹಾಗೆ ಹತ್ತಿದರೆ ಬೀರು ಮಗುವಿನ ಮೇಲೇ ಬೀಳುತ್ತೆ. ಮೊಮ್ಮಕ್ಕಳು ಬರೋ ಮುಂಚೆ ಆಗಬೇಕಾದ ಕೆಲಸ ಇದು, ಪರದೆಗಿಂತ ಮೊದಲು.