ದುಡ್ಡು ಕೊಟ್ಟು ಗೂಬೆ ತಂದಿದ್ದು

ಅಮ್ಮಂಗೆ ಫೋನಲ್ಲಿ "ಗ್ರೀಕರ ಗೂಬೆ ನಾಣ್ಯ ಒಂದು ತಗೊಂಡೆ" ಅಂದೆ. ಆ ಕಡೆ ಸದ್ದೇ ಇಲ್ಲ. ಆಮೇಲೆ "ದುಡ್ಡು ಕೊಟ್ಟು ಯಾರಾದ್ರೂ ಮನೆಗೆ ಗೂಬೆ ತರ್ತಾರೇನೋ" ಅಂದ್ರು.

ಅವರದೇನೂ ತಪ್ಪಿಲ್ಲ ಬಿಡಿ, ನಮ್ಮಲ್ಲಿ ಗೂಬೆ ಅಂದ್ರೆ ಒಂದೋ ಬೈಗುಳ, ಇಲ್ಲಾ ಇನ್ನೊಬ್ಬರ ಮೇಲೆ ಕೂರಿಸೋಕೆ ಇರೋದು. ಅಥೆನ್ಸ್‌ನವರಿಗೆ ಮಾತ್ರ ಅದು ಅಥೀನಾ ದೇವಿಯ ಹಕ್ಕಿ. ನಾಣ್ಯದ ಒಂದು ಕಡೆ ಹೆಲ್ಮೆಟ್ ಹಾಕ್ಕೊಂಡಿರೋ ಅಥೀನಾ, ಇನ್ನೊಂದು ಕಡೆ ಮೈ ಪಕ್ಕಕ್ಕಿದ್ರೂ ಮುಖ ನಮ್ ಕಡೆ ತಿರುಗಿಸಿ ದಿಟ್ಟಿಸೋ ಗೂಬೆ, ಜೊತೆಗೆ ಆಲಿವ್ ಎಲೆ, ಚೂರು ಚಂದ್ರ, ಊರ ಹೆಸರಿನ ಮೊದಲ 3 ಅಕ್ಷರ. ಬೆಳ್ಳಿ ಬರ್ತಿದ್ದದ್ದು ಅಥೆನ್ಸ್‌ನವರದೇ ಆದ ಲಾರಿಯಂ ಗಣಿಯಿಂದ. ಕ್ರಿ.ಪೂ. 483ರ ಸುಮಾರಿಗೆ ಅಲ್ಲಿ ಭರ್ಜರಿ ಬೆಳ್ಳಿ ಸಿಕ್ಕಾಗ ಊರವರಿಗೆಲ್ಲ ಹಂಚಿಬಿಡೋಣ ಅನ್ನೋ ಮಾತು ಬಂತು, ಥೆಮಿಸ್ಟೋಕ್ಲಿಸ್ ಅನ್ನೋ ನಾಯಕ ಬೇಡ ಹಡಗು ಕಟ್ಟೋಣ ಅಂದ, 480ರಲ್ಲಿ ಸಲಾಮಿಸ್ ದ್ವೀಪದ ಹತ್ರ ಪರ್ಷಿಯನ್ನರಿಗೆ ನೀರು ಕುಡಿಸಿದ್ದು ಆ ಹಡಗುಗಳೇ.

ಒಂದು ತಮಾಷೆ ಅಂದ್ರೆ, ಪಾರ್ಥೆನಾನ್ ಅನ್ನೋ ಅಥೀನಾ ಗುಡಿಯಲ್ಲಿ ಅಂಥಾ ಶಿಲ್ಪ ಕೆತ್ತಿದ ಊರೇ ನಾಣ್ಯದಲ್ಲಿ ಮಾತ್ರ ಅಜ್ಜನ ಕಾಲದ ಅಥೀನಾನ್ನೇ ಒತ್ತುತ್ತಾ ಇತ್ತು, ಮುಖ ಪಕ್ಕಕ್ಕೆ, ಕಣ್ಣು ಮಾತ್ರ ಎದುರಿಗೆ. ಈಜಿಪ್ಟ್, ಸಿರಿಯಾ ಕಡೆ ವ್ಯಾಪಾರಿಗಳು ನೋಡಿ ನಂಬಿದ್ದ ಮುಖ ಅದು, ಯಾಕೆ ಬದಲಾಯಿಸ್ತಾರೆ. ನಂಬಿದ್ರೂ ಎಷ್ಟೋ ಜನ ಉಳಿ ಇಟ್ಟು ಒಂದೇಟು ಹೊಡೆದು ಒಳಗೆ ತಾಮ್ರ ಇದೆಯಾ ಅಂತ ನೋಡ್ತಿದ್ರು, ಗೂಬೆ ತಲೆ ಸೀಳಿರೋ ನಾಣ್ಯ ಇವತ್ತೂ ಸಿಗುತ್ತೆ.

ನಾನೂ ಹಂಗೆ ನೋಡಿ ತಗೋಬೇಕಿತ್ತು. ಸುಮಾರು 17.2 ಗ್ರಾಂ ಇರಬೇಕಾದ್ದು, ನನ್ನದು 14.8 ತೂಗ್ತು, ಅಂಚಲ್ಲಿ ಅಚ್ಚಿಗೆ ಎರಕ ಹೊಯ್ದ ಗೆರೆ ಬೇರೆ. ಅಸಲಿ ನಾಣ್ಯ ಸುತ್ತಿಗೆ ಏಟಿಂದ ಹುಟ್ಟಿದ್ದು, ಅದಕ್ಕೆ ಆ ಗೆರೆ ಇರಲ್ಲ. ಮಾರಿದವನು ನಾಪತ್ತೆ. ಅಮ್ಮಂಗೆ ಇನ್ನೂ ಹೇಳಿಲ್ಲ.

ಆಮೇಲೆ ದೊಡ್ಡ ಊರುಗಳ ಆಸೆ ಬಿಟ್ಟು ಓದ್ತಾ ಕೂತಾಗ ಗೊತ್ತಾಯ್ತು, ಎಷ್ಟೋ ಊರುಗಳು ನಾಣ್ಯದ ಮೇಲೆ ಶ್ಲೇಷೆ ಮಾಡಿವೆ! ಸಿಸಿಲಿಯ ಸೆಲಿನಸ್‌ನವರದು ಸೆಲಿನಾನ್ ಸೊಪ್ಪಿನ ಎಲೆ, ಅಂದ್ರೆ ಕಾಡು ಸೆಲರಿ. ಸೀಡೆ ಅಂದ್ರೆ ದಾಳಿಂಬೆ, ಸೀಡೆ ಊರಿನ ನಾಣ್ಯದಲ್ಲಿ ದಾಳಿಂಬೆ. ಫೊಕಾಯಾದಲ್ಲಿ ಫೋಕೆ, ಅಂದ್ರೆ ಸೀಲ್. ಓದು ಬರದವನಿಗೂ ಚಿತ್ರ ನೋಡಿದ್ರೆ ಊರ ಹೆಸರು ಬಾಯಿಗೆ ಬರಬೇಕು, ಅಷ್ಟೇ ಲೆಕ್ಕ. ಜನ ಕೂಡ ನಾಣ್ಯನ ಪ್ರಾಣಿ ಹೆಸರಲ್ಲೇ ಕರೀತಿದ್ರು: ಅಥೆನ್ಸ್‌ದು ಗೂಬೆ, ಈಜೈನಾದು ಆಮೆ, ಪೆಗಾಸಸ್ ಅನ್ನೋ ರೆಕ್ಕೆಯ ಕುದುರೆ ಇರೋ ಕೊರಿಂಥ್‌ದು ಕುದುರೆಮರಿ. ನಾವು ಹಂದಿ ಚಿತ್ರದ ನಾಣ್ಯನ ವರಾಹ ಅಂದಿಲ್ವಾ, ಹಂಗೇ.

ಈಜೈನಾದ ಆಮೆ ನಂಗೆ ಪಾಪ ಅನ್ಸುತ್ತೆ. ಮೊದಲು ಅದು ಕಡಲಾಮೆ, ನಯವಾದ ಚಿಪ್ಪು. ಕ್ರಿ.ಪೂ. 5ನೇ ಶತಮಾನದ ನಡುವಲ್ಲಿ ಅಥೆನ್ಸ್ ಆ ದ್ವೀಪನ ಸೋಲಿಸ್ತು, ಆಮೇಲೆ ಬಂದ ನಾಣ್ಯದಲ್ಲಿ ನೆಲದ ಆಮೆ. ಕಡಲ ಮೇಲಿನ ಹಿಡಿತ ಹೋಯ್ತಲ್ಲ ಅದಕ್ಕೇ ಅಂತ ಕೆಲವರ ವಾದ, ನಿಜವಾಗಿದ್ರೆ ತಮ್ಮ ಸೋಲನ್ನ ತಾವೇ ಅಚ್ಚು ಹಾಕಿಸಿಕೊಂಡ ಊರು ಅದು.

ಕೊನೆಗೆ ನನ್ನ ಕೈಗೆ ಅಸಲಿ ಅಂತ ಬಂದಿದ್ದು ರೋಡ್ಸ್ ದ್ವೀಪದ ಡ್ರಾಕ್ಮ್ ಅನ್ನೋ ಪುಟ್ಟ ಬೆಳ್ಳಿ ನಾಣ್ಯ, 2.6 ಗ್ರಾಂ. ಲಿಂಡೋಸ್, ಇಯಾಲಿಸೋಸ್, ಕಮೈರೋಸ್ ಅನ್ನೋ 3 ಊರು ಸೇರಿ ಕ್ರಿ.ಪೂ. 408ರಲ್ಲಿ ಕಟ್ಟಿದ ಹೊಸ ಊರು ರೋಡ್ಸ್, ಯಾರ ಹಳೇ ಗುರುತೂ ಬೇಡ ಅಂತಲೋ ಏನೋ ಒಂದು ಕಡೆ ಸೂರ್ಯದೇವ ಹೀಲಿಯೋಸ್, ಇನ್ನೊಂದು ಕಡೆ ರೋಡಾನ್, ಅಂದ್ರೆ ಗುಲಾಬಿ. ನಂದು ಸವೆದು ಸೂರ್ಯನ ಮೂಗೇ ಇಲ್ಲ. ಅಮ್ಮಂಗೆ ವಾಟ್ಸಾಪಲ್ಲಿ ಫೋಟೋ ಕಳಿಸಿದೆ, "ಇದು ಪರವಾಗಿಲ್ಲ, ದೇವರ ಮನೇಲಿಡು" ಅಂತ ಬಂತು.